ಕೈ ತೊಳೆಸುವ ಅಂಗಡಿ

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದೆಳೆ ಬಿಳಿ ದಾರ ಸಿಕ್ಕಿಕೊಂಡಿರುತ್ತಿತ್ತು. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ. ಪೈಪಿನ ಜೋಡಣೆಗೆ ಸುತ್ತುವ ದಾರ ಅದು. ಮಾತಾಡುತ್ತಲೇ ಅದನ್ನು ಎಳೆದು ಯಾವುದೋ ನಲ್ಲಿಯ ಕುತ್ತಿಗೆಗೆ ಸುತ್ತುವರು, ಉಂಡೆಯಿಂದ ಇನ್ನೊಂದೆಳೆ ಕಿತ್ತು ಕಿವಿಗೇರಿಸುವರು. ಕಿವಿಯ ಸುತ್ತಲಿನ ಕೂದಲೂ ಬೆಳ್ಳಗಾಗಿದ್ದರಿಂದ ದೂರದಿಂದ ನೋಡಿದವರಿಗೆ ಕೂದಲು ಯಾವುದು, ದಾರ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ ರಸ್ತೆಗೆ ಅವರ ಹಾರ್ಡ್‌ವೇರ್ ಅಂಗಡಿ. ಬೋರ್ಡಿನ ಮೇಲೆ ಅವರ ಮನೆದೇವರ ಹೆಸರಿತ್ತು. ಆದರೆ ಊರಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ. ‘ಕೈ ತೊಳಸೋ ಅಂಗಡಿ’ ಎಂದರೆ ಆಟೋದವನು ನೇರ ತಂದು ಇಳಿಸುತ್ತಿದ್ದ. ಮೆಟ್ಟಿಲ ಪಕ್ಕದಲ್ಲಿ ಒಂದು ಹಲಗೆ, ಹಲಗೆಗೆ ಆರು ಬಗೆಯ ನಲ್ಲಿ, ಹಿಂದಿನ ಡ್ರಮ್ಮಿನಿಂದ ನೀರು, ಕೆಳಗೊಂದು ಕಲ್ಲುಬಾನಿ, ಬದಿಗೆ ಕೆಂಪು ಸಾಬೂನಿನ ತುಂಡು. ನಲ್ಲಿ ಕೊಳ್ಳಲು ಬಂದವರು ಯಾರೇ ಇರಲಿ, ಕೈಗೆ ಸಾಬೂನು ಹಚ್ಚಿಕೊಂಡು ಆ ನೊರೆಗೈಯಲ್ಲೇ ತಿರುಗಿಸಿ ತೋರಿಸಬೇಕು.

“ಒಣಾ ಕೈಲೆ ಎಲ್ಲಾ ನಳಾನೂ ಚಲೋನ ಅದಾವ್ರಿ. ಮನ್ಯಾಗ ನಳ ತಿರುವಾಗ ಯಾರ ಕೈ ಒಣಗಿರ್ತತಿ?” ಎನ್ನುವರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸಂಬಂಧವೇನಿಲ್ಲ, ಊರೆಲ್ಲ ಹಾಗೇ ಕರೆಯುತ್ತಿತ್ತು.

ಆಗ ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಹೇಳುವ ಹೊಸ ಉಪನ್ಯಾಸಕಿ. ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಾಳಿ ಹೇಳಿದ್ದನ್ನು ಮೂರು ತುಂಡು ಮಾಡು, ಮೂರಕ್ಕೂ ಉತ್ತರ ಕೊಡು, ಗಂಟೆ ಬಾರಿಸುವ ಮುಂಚೆ ಕುಳಿತುಕೋ ಎಂಬುದು ನನಗೆ ಸಿಕ್ಕ ಶಿಕ್ಷಣ. ಹತ್ತಿ ವ್ಯಾಪಾರಿಯೊಬ್ಬರು ಮೂರಂತಸ್ತು ಎಬ್ಬಿಸಿ ಆರು ಮನೆ ಮಾಡಿದ್ದರು. ಊರಿಗೆ ಅದೇ ಮೊದಲ ಅಪಾರ್ಟ್‌ಮೆಂಟ್. ಜನ ‘ಪೆಟಿಗಿ ಮನಿ’ ಎಂದು ನಗುತ್ತಿದ್ದರು. ಅದರಲ್ಲಿ ಒಂದನೇ ಮಹಡಿಯ ಮನೆಯೊಂದನ್ನು, ಮೊದಲಿದ್ದವರು ಬಿಟ್ಟುಹೋದ ಸ್ಥಿತಿಯಲ್ಲೇ ಕೊಂಡೆ. ಬಾಗಿಲು ನೀರು ಕುಡಿದು ಉಬ್ಬಿದ್ದವು, ನಲ್ಲಿಗಳೆಲ್ಲ ಸೋರುತ್ತಿದ್ದವು, ಬಚ್ಚಲ ನೆಲ ಹಸಿರುಗಟ್ಟಿತ್ತು. ಎಲ್ಲ ಕಿತ್ತು ಹೊಸದು ಹಾಕಬೇಕಿತ್ತು. ನನಗಂತೂ ಸಂಭ್ರಮ. ಅದುವರೆಗೆ ನಮ್ಮದು ಎನ್ನುವ ಒಂದು ಚಿಲಕವೂ ನಮಗಿರಲಿಲ್ಲ.

ಬರುವುದಿಲ್ಲ ಎಂದವಳು ಅವ್ವ.

ಅವ್ವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು, ನಿವೃತ್ತಿಗೆ ಇನ್ನೂ ಐದು ವರ್ಷವಿತ್ತು. ಇದ್ದದ್ದು ನಾವಿಬ್ಬರೇ. ಬಾಡಿಗೆ ಮನೆಯ ಅಂಗಳದಲ್ಲಿ ಸದಾ ತುಂಬಿರುವ ತೊಟ್ಟಿ, ಅದರ ಮೇಲೊಂದು ಚಂಬು. ಬಾಗಿಲು ಹಗಲೆಲ್ಲ ತೆರೆದೇ. ಅಲ್ಲಿಂದ ಪೆಟ್ಟಿಗೆ ಮನೆಗೆ ಬಾರದಿರಲು ಅವಳು ಒಂದೊಂದು ದಿನ ಒಂದೊಂದು ಕಾರಣ ಹೇಳಿದಳು. ಬಚ್ಚಲು ಬರಬಾರದ ಮೂಲೆಗೆ ಬಂದಿದೆ ಎಂದಳು. ಮೇಲಿನವರ ಬಚ್ಚಲು ನಮ್ಮ ಒಲೆಯ ನೆತ್ತಿಯ ಮೇಲೆ ಬರುತ್ತದೆ ಎಂದಳು. ಕಾಲಿಗೆ ಮಣ್ಣು ಹತ್ತುವುದಿಲ್ಲ ಎಂದಳು. ನಾನು ಬಿಡುತ್ತೇನೆಯೇ? ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಅಷ್ಟರಲ್ಲೇ ಅವಳು ಮನೆಯಲ್ಲಿ ರೊಟ್ಟಿ ಮಾಡುವುದನ್ನೂ ಬಿಟ್ಟಿದ್ದಳು, ‘ವಯಸ್ಸಾತು, ಅರಗಂಗಿಲ್ಲ’ ಎಂದು. ಜೋಳ ಅನ್ನಕ್ಕಿಂತ ಒಳ್ಳೆಯದೆಂದು ಅದಕ್ಕೂ ವಾದ ಮಾಡಿದ್ದೆ.

ಕೊನೆಗೆ ಅವ್ವ, “ನಿನ್ನ ಬಾಯಿಗೆ ಯಾರು ಹತ್ತಬೇಕು. ನಡಿ, ಬರ್ತೀನಿ,” ಎಂದಳು. ಗೆದ್ದೆ ಎಂದುಕೊಂಡೆ.

ಬಚ್ಚಲಿನ ಮೂಲೆಯ ಮಾತು ಕಾಕಾನ ಎದುರು ಬಂದಾಗ ಅವರು, “ನೀರಿಗೆ ವಾಸ್ತು ಗೊತ್ತಿಲ್ರಿ ಮೇಡಂ, ಇಳಿಜಾರು ಅಷ್ಟಾ ಗೊತ್ತು,” ಎಂದಿದ್ದರು. ಆ ಒಂದು ಮಾತಿಗೆ ಅವರು ನನಗೆ ಹಿಡಿಸಿಬಿಟ್ಟರು. ಜಗಳ ಶುರುವಾದದ್ದು ನಲ್ಲಿಯಿಂದ.

ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ಒಯ್ದಿದ್ದೆ. ಆಗ ಗಾಜಿನಂಥ ಗುಂಡು ತಲೆಯ ನಲ್ಲಿಗಳು ಹೊಸ ಫ್ಯಾಷನ್. ಬಾಗಿಲಿಗೂ ಅಂಥದ್ದೇ ಗುಂಡು ಹಿಡಿಕೆ, ಒಳಗಿನಿಂದ ನಡುವಿನ ಗುಂಡಿ ಒತ್ತಿದರೆ ಬೀಗ. ಕಾಕಾ ಚಿತ್ರ ನೋಡಿ ಸಾಬೂನು ತೋರಿಸಿದರು. ನಾನು ಕೈಗೆ ಹಚ್ಚಿಕೊಂಡು ಗುಂಡುತಲೆ ತಿರುಗಿಸಿದೆ. ಒಮ್ಮೆ ಜಾರಿತು, ಗಟ್ಟಿಯಾಗಿ ಹಿಡಿದೆ, ನೀರು ಬಂತು.

“ಆತಲ್ರಿ ಕಾಕಾ.”

“ನಿಮ್ಮ ಕೈಗೆ ಆತು. ಮನ್ಯಾಗ ಇನ್ನ ಯಾರದಾರ?”

“ಅವ್ವ.”

“ಕರಕಂಡು ಬರ್ರಿ.”

“ಚಪ್ಪಲಿ ಅಂಗಡಿಯವರೂ ಇಷ್ಟು ಕೇಳಂಗಿಲ್ಲ ಬಿಡ್ರಿ.”

“ಚಪ್ಪಲಿ ಕಚ್ಚಿದ್ರ ಬಿಚ್ಚಿ ಒಗೀಬಹುದು. ನಳ ಗ್ವಾಡ್ಯಾಗ ಇರ್ತತಿ,” ಎಂದು ಅವರು ಮುಂದಿನ ಗಿರಾಕಿಯ ಕಡೆ ತಿರುಗಿದರು.

ಅವ್ವನನ್ನು ಕರೆತರಲು ಒಂದು ವಾರ ಹಿಡಿಯಿತು. ಬಂದವಳು ಹಲಗೆಯ ಹತ್ತಿರವೇ ಹೋಗಲಿಲ್ಲ. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, “ಆಕಿ ನೋಡಿದ್ರ ಸಾಕ್ರಿ ಅಣ್ಣಾರ,” ಎಂದಳು. ಕಾಕಾ ಒತ್ತಾಯ ಮಾಡಲಿಲ್ಲ. ನನ್ನ ಕಡೆ ತಿರುಗಿ, ಹಿಂದಿನ ಕೋಣೆಯಲ್ಲಿ ಬಚ್ಚಲಿನ ಟೈಲ್ಸ್ ಬಂದಿವೆ, ನೋಡಿ ಆರಿಸಿ ಎಂದರು. ಹೋದೆ. ಹತ್ತು ನಿಮಿಷ ಬಿಟ್ಟು ಬಂದರೆ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಕಾಕಾ ಕಟ್ಟೆಯ ಮೇಲೆ ಬೇರೆ ನಲ್ಲಿಗಳನ್ನು ತಂದಿಟ್ಟಿದ್ದರು. ಗೇಣುದ್ದ ಹಿಡಿಕೆಯವು, ಮೊಣಕೈಯಿಂದ ತಳ್ಳಿದರೂ ತೆರೆಯುವಂಥವು. ಬಾಗಿಲಿಗೂ ಉದ್ದ ಹಿಡಿಕೆ.

“ಇವನ್ನ ಹಾಕಸ್ರಿ,” ಎಂದರು.

“ಇವು ಆಸ್ಪತ್ರಿ ನಳ.”

“ಆಸ್ಪತ್ರ್ಯಾಗೂ ಇರ್ತಾವ.”

“ನನ್ನ ಮನಿಗೆ ಯಾಕ?”

“ಚಲೋ ಇರ್ತಾವ ಅಂತ.”

“ಯಾಕ ಚಲೋ? ಕಾರಣ ಹೇಳ್ರಿ.”

ಯಾವತ್ತೂ ಒಂದು ಮಾತಿಗೆ ನಾಲ್ಕು ಮಾತು ಜೋಡಿಸುವವರು ಅಂದು ದಾರದ ಉಂಡೆ ಬಿಚ್ಚುತ್ತ ಕುಳಿತರು. ಉತ್ತರವಿಲ್ಲದವನ ಮುಖ ಹೇಗಿರುತ್ತದೆಂದು ನನಗೆ ವೇದಿಕೆಯ ಮೇಲೆ ನೋಡಿ ರೂಢಿ. ಆ ನಲ್ಲಿಗಳ ಡಬ್ಬಿಯೊಂದನ್ನು ಎತ್ತಿ ಅದರ ಮೇಲೆ ಬೆರಳಾಡಿಸಿದೆ. ಬೆರಳು ಕಪ್ಪಾಯಿತು. ಅಂಗಡಿಯಲ್ಲಿ ಐದಾರು ಜನ ಇದ್ದರು, ಅವರಲ್ಲಿ ಅರ್ಧ ಊರಿನ ಮನೆ ಕಟ್ಟಿಸಿದ ಗುತ್ತಿಗೆದಾರನೊಬ್ಬ. ಎಲ್ಲರಿಗೂ ಕಾಣುವಂತೆ ಬೆರಳು ಹಿಡಿದೆ.

“ಎಷ್ಟ ವರ್ಷದ ಮಾಲ್ರಿ ಇದು? ಕೈ ತೊಳಸೋದು, ಅವ್ವನ್ನ ಕರಕಂಡು ಬಾ ಅನ್ನೋದು, ಇದೆಲ್ಲ ಇದನ್ನ ದಾಟಸಾಕ ಏನು?”

ಕಾಕಾ ಒಮ್ಮೆ ಅವ್ವನ ಕಡೆ ನೋಡಿದರು. ಅವ್ವ ನೆಲ ನೋಡುತ್ತಿದ್ದಳು.

“ಗುಂಡುತಲಿಯವನ್ನ ಒಯ್ರಿ ಮೇಡಂ. ಬ್ಯಾಡ ಅನ್ನಿಸಿದ್ರ ಬದಲ್ ಮಾಡಿಕೊಡ್ತೀನಿ,” ಎಂದರು.

“ಕಾಕಾ ಸೋತ್ರಲ್ಲೋ ಇವತ್ತು,” ಎಂದು ಗುತ್ತಿಗೆದಾರ ನಕ್ಕ. ಉಳಿದವರೂ ನಕ್ಕರು. ನಾನು ಚರ್ಚಾಸ್ಪರ್ಧೆಯ ಕಪ್ ಗೆದ್ದವಳಂತೆ ಮೆಟ್ಟಿಲಿಳಿದೆ. ಹದಿನೈದು ದಿನಕ್ಕೆ ಊರಲ್ಲಿ ಹೊಸ ಮಾತು ಹುಟ್ಟಿತ್ತು: ‘ಕೈ ತೊಳಸ್ತಾರ, ಧೂಳು ಹಿಡಿದದ್ದು ಕಟ್ಟಿ ಕೊಡ್ತಾರ.’

ಮನೆಗೆ ಬಂದು ಒಂದು ತಿಂಗಳಾಗಿತ್ತು. ಒಂದು ಭಾನುವಾರ ನಾನು ಕೂಡ್ಲಿಗಿಗೆ ಹೋಗಿದ್ದೆ, ಚರ್ಚಾಸ್ಪರ್ಧೆಯೊಂದಕ್ಕೆ ತೀರ್ಪುಗಾರ್ತಿಯಾಗಿ. ಸಂಜೆ ಬಂದರೆ ಅವ್ವ ಕಾಣಲಿಲ್ಲ. ಕರೆದೆ. ಬಚ್ಚಲಿನ ಬಾಗಿಲ ಹಿಂದಿನಿಂದ ಮೆಲ್ಲನೆ, “ಇಲ್ಲಿ ಅದೀನಿ,” ಎಂಬ ದನಿ ಬಂತು. ಪುಣ್ಯಕ್ಕೆ ಹೊರಗಿನ ಕಿಂಡಿಗೆ ಹಾಕುವ ಕೀಲಿ ಅಡುಗೆಮನೆಯ ಮೊಳೆಯಲ್ಲಿತ್ತು. ತೆಗೆದು ನೋಡಿದರೆ ಅವ್ವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದಳು. ಬೆಳಿಗ್ಗೆ ಹತ್ತಕ್ಕೆ ಸ್ನಾನಕ್ಕೆ ಹೋದವಳು. ಅದುವರೆಗೆ ನಾನು ತುಂಬಿಟ್ಟ ನೀರಲ್ಲಿ, ಬಾಗಿಲು ಓರೆ ಮಾಡಿಕೊಂಡೇ ಮೀಯುತ್ತಿದ್ದವಳು ಅಂದು ಮರೆತು ಗುಂಡಿ ಒತ್ತಿದ್ದಳು. ಒತ್ತುವುದು ಸುಲಭವಾಗಿತ್ತು, ತಿರುಗಿಸಿ ತೆಗೆಯಲು ಆಗಿರಲಿಲ್ಲ.

“ಕೂಗಬೇಕಿಲ್ಲೇನವ್ವಾ? ಆಜೂಬಾಜೂ ಮಂದಿ ಇಲ್ಲೇನು?”

“ಕೂಗಿದ್ರ ಏನಂತಾರ? ಮಗಳು ಹೊಸಾ ಮನಿಗೆ ಕರಕಂಡು ಬಂದು ಕೂಡಿ ಹಾಕ್ಯಾಳ ಅಂತಾರ.”

ಹೊರಗೆ ಬಂದು ಕೈ ಚಾಚಿದಳು. ನೀರು ಕೊಟ್ಟೆ, ಲೋಟವನ್ನು ಬೆರಳಿಂದ ಹಿಡಿಯಲಿಲ್ಲ, ಎರಡೂ ಅಂಗೈ ನಡುವೆ ಒತ್ತಿ ಎತ್ತಿದಳು. ಎಷ್ಟೋ ದಿನದಿಂದ ಹಾಗೇ ಕುಡಿಯುತ್ತಿದ್ದಳಂತೆ. ನಾನು ನೋಡಿರಲಿಲ್ಲ.

ಮೂವತ್ತು ವರ್ಷ ರೊಟ್ಟಿ ಬಡಿದ ಕೈಯಲ್ಲಿ ಒಂದು ವರ್ಷದಿಂದ ಹಿಡಿತವಿರಲಿಲ್ಲ. ಹಾಸ್ಟೆಲಿನಲ್ಲಿ ಅವಳ ಪಾಲಿನ ರೊಟ್ಟಿಯನ್ನು ಜೊತೆಯವರು ಯಾರೋ ಬಡಿಯುತ್ತಿದ್ದರು, ಅವ್ವ ಸಾರು ನೋಡಿಕೊಂಡು ಬಡಿಸುತ್ತಿದ್ದಳು. ತಿಳಿದರೆ ಕೆಲಸ ಹೋಗುತ್ತದೆಂಬ ಭಯ. ಬಾಡಿಗೆ ಮನೆಯಲ್ಲಿ ತೊಟ್ಟಿ ಇತ್ತು, ತೆರೆದ ಬಾಗಿಲಿತ್ತು, ತಿರುಗಿಸುವುದು ಏನೂ ಇರಲಿಲ್ಲ. ಪೆಟ್ಟಿಗೆ ಮನೆಯಲ್ಲಿ ಎಲ್ಲವನ್ನೂ ತಿರುಗಿಸಬೇಕು. ಅವಳು ಹೇಳಿದ ಕಾರಣಗಳನ್ನೆಲ್ಲ ನಾನು ಸೋಲಿಸಿದ್ದೆ. ಹೇಳದೆ ಬಿಟ್ಟ ಕಾರಣ ಇದು.

“ಅಂಗಡಿ ಕಾಕಾಗ ಗೊತ್ತೈತಿ,” ಎಂದಳು ಅವ್ವ. “ನೀನು ಒಳಗ ಹೋದಾಗ ನಳ ತಿರುವು ಅಂದ್ರು. ಆಗಲಿಲ್ಲ. ಉಚ್ಚಂಗೆಮ್ಮನ ಆಣಿ ಹಾಕ್ತೀನಿ, ಯಾರಿಗೂ ಹೇಳಬ್ಯಾಡ್ರಿ, ಮಗಳಿಗೂ ಹೇಳಬ್ಯಾಡ್ರಿ ಅಂದೆ. ಆಣಿ ಬ್ಯಾಡ ಬಿಡವ್ವ, ಹೇಳಂಗಿಲ್ಲ ಅಂದ್ರೆ ಹೇಳಂಗಿಲ್ಲ ಅಂದ್ರು.”

ಅಂದರೆ ನಾನು ಕರಿ ಬೆರಳು ಎತ್ತಿ ಹಿಡಿದಾಗ ಅವರ ಬಳಿ ಒಂದು ವಾಕ್ಯದ ಉತ್ತರವಿತ್ತು. ಹಾಸ್ಟೆಲಿನ ವಾರ್ಡನ್ ಅವರದೇ ಬೀದಿಯವರು. ಅಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತಿತ್ತು. ಅದಕ್ಕೇ ಅವರು ದಾರ ಬಿಚ್ಚುತ್ತ ಕುಳಿತಿದ್ದರು.

ಮರುದಿನ ಕಾಕಾನನ್ನು ಮನೆಗೆ ಕರೆದುತಂದೆ. ಅವರೇ ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕುಳಿತು ಗುಂಡುಗಳನ್ನೆಲ್ಲ ಕಳಚಿ ಉದ್ದ ಹಿಡಿಕೆಯವನ್ನು ಕೂರಿಸಿದರು. ಅವ್ವ ಮೊಣಕೈಯಿಂದ ತಳ್ಳಿದಳು, ನೀರು ಸುರಿಯಿತು. ಎರಡು ಸಲ ಮುಚ್ಚಿ ತೆರೆದಳು. “ಸಾಕು ಬಿಡ್ರಿ ಅಕ್ಕಾರ, ಟ್ಯಾಂಕ್ ಖಾಲಿ ಆಗತತಿ,” ಎಂದರು ಕಾಕಾ.

ಅವ್ವ ಚಹಾಕ್ಕೆ ಒಳಗೆ ಹೋದಾಗ ನಾನು ಕ್ಷಮೆ ಕೇಳಲು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

“ನೀ ಹೇಳಿದ್ದು ಖರೇನ ಇತ್ತಲ್ಲ ಯವ್ವಾ. ಆ ಮಾಲು ಬಂದು ಆರು ವರ್ಷಾಗಿತ್ತು, ಒಬ್ಬರೂ ಒಯ್ದಿರಲಿಲ್ಲ. ಧೂಳೇನು ನೀ ತಂದಿದ್ದೇನು?”

“ನಾಳೆ ಅಂಗಡಿಗೆ ಬಂದು ಎಲ್ಲಾರ ಮುಂದ ತಪ್ಪಾತು ಅಂತೀನ್ರಿ.”

“ಯಾಕ ಅಂತ ಕೇಳ್ತಾರ. ಆಗ ಏನ್ ಹೇಳ್ತಿ?”

ನಾನು ಕಳಚಿಟ್ಟ ಗುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದೆ.

“ಮಾತಿಗೆ ಕೈಕಾಲಿಲ್ಲಂದ್ರೂ ಮನ್ಯಾಗ ಕುಂದರಂಗಿಲ್ಲ ಅದು. ನಿಮ್ಮವ್ವನ ನೌಕ್ರಿ ಮುಗೀಲಿ, ಆಮ್ಯಾಕ ನೋಡೋಣು. ನನ್ನ ಅಂಗಡಿ ಏನು ಓಡಿ ಹೊಕ್ಕತೇನು?”

ಅಂಗಡಿ ಓಡಿಹೋಗಲಿಲ್ಲ, ನಿಜ. ಆದರೆ ಆ ಧೂಳಿನ ಮಾತು ಅದರ ಬಾಗಿಲಲ್ಲೇ ಕುಳಿತಿತ್ತು. ಕಾಕಾ ಏನಾದರೂ ಒಂದು ವಸ್ತು ಚೆನ್ನಾಗಿದೆ ಎಂದರೆ ಸಾಕು, ಗಿರಾಕಿ ಡಬ್ಬಿಯ ಮೇಲೆ ಬೆರಳಾಡಿಸಿ ನೋಡಿ ನಗುತ್ತಿದ್ದ. ಅವರೂ ನಗುತ್ತಿದ್ದರು. ಗುತ್ತಿಗೆದಾರ ಮೆಲ್ಲಗೆ ಬೇರೆ ಅಂಗಡಿ ಹಿಡಿದ. ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ, “ಅಕ್ಕಾರು ಹೆಂಗದಾರ?” ನಾಲ್ಕು ವರ್ಷ ಹೀಗೇ ನಡೆಯಿತು.

ಅವ್ವನ ನಿವೃತ್ತಿಗೆ ಏಳು ತಿಂಗಳಿದ್ದಾಗ ಕಾಕಾ ತೀರಿಕೊಂಡರು. ಅಂಗಡಿಯಲ್ಲೇ ಎದೆನೋವು ಬಂದು ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮೂರನೆಯ ದಿನ ಅವರ ಮನೆಗೆ ಹೋದೆವು. ಅಂಗಳದಲ್ಲಿ ಜಮಖಾನೆ ಹಾಸಿತ್ತು. ಗುತ್ತಿಗೆದಾರನಿದ್ದ, ಹಾಸ್ಟೆಲಿನ ವಾರ್ಡನ್ ಇದ್ದರು, ಬಾಗಿಲ ಹತ್ತಿರ ಕಾಕಾನ ಹೆಂಡತಿ ಗೋಡೆಗೊರಗಿ ಕುಳಿತಿದ್ದರು. ಸತ್ತವರ ಮನೆಯಲ್ಲಿ ನಡೆಯುವಂತೆ ಮಾತು ಅವರ ತಮಾಷೆಗಳ ಕಡೆ ಹೊರಳಿತು. ಗುತ್ತಿಗೆದಾರ ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಪ್ರೀತಿಯಿಂದಲೇ, “ಏನ ಅನ್ರಿ, ಹಳೇ ಮಾಲು ದಾಟಸಾದ್ರಾಗ ಕಾಕಾನ್ನ ಮೀರಸವ್ರು ಇದ್ದಿಲ್ಲ. ಈ ಮೇಡಮ್ಮಾರು ಒಬ್ಬರಾ ಹಿಡದಿದ್ದು,” ಎಂದ.

ಕಾಕಾನ ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ವಾರ್ಡನ್ ಅಲ್ಲೇ ಇದ್ದರು. ಏಳು ತಿಂಗಳು ಬಾಕಿ ಇತ್ತು.

ಅವ್ವ ಎದ್ದು ನಿಂತಳು. ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು ಮುಂದೆ ಹಿಡಿದಳು.

“ಈ ಕೈಯಾಗ ಏನೂ ಇಲ್ರೀ. ಒಂದು ಗುಂಡು ಹಿಡಿಕಿ ತಿರುವಾಕ ಬರಂಗಿಲ್ಲ. ಅದಕ್ಕಾ ಅವ್ರು ಆ ನಳ ಕೊಟ್ಟದ್ದು. ಹೇಳಬ್ಯಾಡ್ರಿ ಅಂದಾಕಿ ನಾನು. ಮಗಳು ಅಂದದ್ದಕ್ಕ ಅವ್ರು ಸುಮ್ಮನಿದ್ದದ್ದು ನನ್ನ ಸಲುವಾಗಿ.”

ಗುತ್ತಿಗೆದಾರ ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾಕಾನ ಹೆಂಡತಿ ಪಕ್ಕದಲ್ಲಿ ಸ್ವಲ್ಪ ಸರಿದು ಅವ್ವನಿಗೆ ಜಾಗ ಮಾಡಿದರು. ವಾರ್ಡನ್ ಮಾತ್ರ ಅವ್ವನ ಕೈಗಳನ್ನೇ ನೋಡುತ್ತಿದ್ದರು.

“ಎಷ್ಟು ದಿನಾತು ಹಿಂಗಾಗಿ?”

“ಐದು ವರ್ಷಾತ್ರಿ.”

“ಹಂಗಾರ ಐದು ವರ್ಷ ನಿಮ್ಮ ಪಾಲಿನ ರೊಟ್ಟಿ ಯಾರು ಬಡದ್ರು?”

“ಅದನ್ನ ಹೇಳಂಗಿಲ್ರಿ,” ಎಂದಳು ಅವ್ವ.

ವಾರ್ಡನ್ ಇನ್ನೊಮ್ಮೆ ಕೇಳಲಿಲ್ಲ. ಉಳಿದ ಏಳು ತಿಂಗಳು ಅವ್ವ ಉಗ್ರಾಣ ನೋಡಿಕೊಂಡು ನಿವೃತ್ತಳಾದಳು.

ನಾನು ಹೇಳಬೇಕಾದ ಮಾತನ್ನು ಅಂದು ಅವ್ವ ಹೇಳಿಬಿಟ್ಟಳು. ಅದರಿಂದ ನನ್ನದು ಮುಗಿದಂತಾಗಲಿಲ್ಲ. ಐದಾರು ಜನರ ಮುಂದೆ ನಾನೇ ಆಡಿದ್ದು, ನಾನೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಅದಕ್ಕೇ ಇದನ್ನು ಬರೆದೆ. ಆ ನಲ್ಲಿಗಳು ಹಳೆಯವೇ. ಡಬ್ಬಿಯ ಮೇಲೆ ಧೂಳೂ ಇತ್ತು. ಕಾಕಾ ನನಗೆ ಮೋಸ ಮಾಡಿರಲಿಲ್ಲ.