ಎಡಗಡೆ ಎಂದ ಅಜ್ಜ

ದೆವ್ವ, ಶಕುನ, ಕಣಿ ಎಲ್ಲ ಕೆಲಸವಿಲ್ಲದವರ ಕಸುಬು ಎಂದು ನಗುತ್ತಿದ್ದವನು ನಾನು. ಈಗ ನಂಬುತ್ತೇನೆಂದಲ್ಲ. ಆದರೆ ಆ ಒಂದು ಮಧ್ಯಾಹ್ನವನ್ನು ಏನೆನ್ನಬೇಕೋ ತಿಳಿಯದೆ ತಲೆ ಕೆಟ್ಟುಹೋಗಿದೆ.

ನಾಲ್ಕು ವರ್ಷದ ಹಿಂದೆ ನನಗೆ ಎಡಗಡೆಯ ಬೀಜದ ಸುತ್ತ ನೀರು ತುಂಬಿ, ದಾವಣಗೆರೆಯಲ್ಲಿ ಸಣ್ಣ ಆಪರೇಷನ್ ಆಯಿತು. ಮರುದಿನವೇ ಹೊನ್ನಾಳಿಯ ಮನೆಗೆ ಕಳಿಸಿದರು. ಹೇಳಿಕೊಳ್ಳುವ ಜಾಗವೇ ಅದು? ನಾನೂ ಹೆಂಡತಿಯೂ ಮಾತಾಡಿಕೊಂಡು ಎಲ್ಲರಿಗೂ ಅಪೆಂಡಿಕ್ಸ್ ಎಂದು ಸಾರಿದೆವು. ತಪ್ಪಾಗಿದ್ದೇ ಅಲ್ಲಿ. ಓಹೋ ದೊಡ್ಡ ಕಾಯಿಲೆ ಎಂದು ಎರಡೂ ಕಡೆಯ ನೆಂಟರು ಬನ್ನು, ಮೂಸಂಬಿ ಹಿಡಿದು ಸಾಲುಗಟ್ಟಿದರು. ಒಬ್ಬರು ಬದನೆಕಾಯಿ ಬೇಡವೆಂದರೆ ಇನ್ನೊಬ್ಬರು ಅನ್ನವೇ ಬೇಡವೆಂದರು. ಬಂದವರಿಗೆಲ್ಲ ಎದ್ದು ಕೂತು ಹಲ್ಲು ಕಿರಿಯಬೇಕು. ಥೂ, ಸಾಕುಸಾಕಾಗಿತ್ತು! ನೋವು ಹೆಚ್ಚಿದ್ದಕ್ಕೂ ಇವರೇ ಕಾರಣವೆಂದು ಬೈದುಕೊಂಡೆ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಅಜ್ಜ ಒಬ್ಬರು ಬಂದು ಮಂಚದ ಪಕ್ಕ ಕುಳಿತರು. ನಲ್ಲೂರಿನ ಮಾವನ ಕಡೆಯವರೆಂದು ನಾನು ತಿಳಿದೆ, ನಮ್ಮ ಕಡೆಯವರೆಂದು ಹೆಂಡತಿ ತಿಳಿದಳು. ನೋಡಲು ಬಂದವರನ್ನು ಯಾರು ನೀವು ಎಂದು ಕೇಳುವುದುಂಟೇ? ಅವಳು ಟೀ ಇಡಲು ಒಳಗೆ ಹೋದಳು.

ಎದೆಯವರೆಗೆ ಹೊದ್ದು ಮಲಗಿದ್ದೆ. ಅಜ್ಜ ನನ್ನ ಮುಖ ನೋಡುತ್ತಾ ಮೆಲ್ಲಗೆ, "ಎಡಗಡೆ ರಕ್ತ ಕಟ್ಟೈತಪ್ಪ. ನಾಳೆ ಅನ್ಬ್ಯಾಡ, ಈಗ್ಲೇ ಹೋಗಿ ತೋರ್ಸು" ಎಂದರು.

ಮೈಯೆಲ್ಲ ಉರಿದುಹೋಯಿತು. ಅಪೆಂಡಿಕ್ಸ್ ಇರುವುದು ಬಲಗಡೆ. ಅಂದರೆ ಇವಳು ಬಾಯಿಬಿಟ್ಟಿದ್ದಾಳೆ! "ನಿಮ್ಮ ಶಕುನ ನಿಮ್ಮ ಮನ್ಯಾಗೆ ಹೇಳ್ರಿ. ಮೊದ್ಲು ಎದ್ದು ಹೋಗ್ರಿ" ಎಂದುಬಿಟ್ಟೆ. ಅವರು ಎದ್ದು ಹೋದರು.

ಟೀ ಹಿಡಿದು ಬಂದ ಹೆಂಡತಿಯ ಮೇಲೂ ಹಾರಾಡಿದೆ. "ಮಕ್ಕಳಾಣೆ, ಯಾರಿಗೂ ಹೇಳಿಲ್ರೀ" ಎಂದು ಅತ್ತಳು. ಆಮೇಲೆ, "ಒಂದ್ಸಲ ನೋಡ್ಕಳಾಕೆ ಏನ್ರೀ ಕಷ್ಟ?" ಎಂದಳು. ಸ್ವಲ್ಪ ಊತ ಇದ್ದೇ ಇರುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ನಾನು ನೋಡಿಕೊಂಡೇ ಇರಲಿಲ್ಲ. ಸಿಟ್ಟಿನಲ್ಲೇ ಲಂಗೋಟಿ ಸಡಿಲಿಸಿದೆ. ಎಡಗಡೆ ಕಪ್ಪಗೆ ಊದಿ ಬಿಗಿದುಕೊಂಡಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ದಾವಣಗೆರೆಗೆ ಓಡಿದೆವು. ಸಂಜೆಯೊಳಗೆ ಮತ್ತೆ ಕೊಯ್ದು ಹೆಪ್ಪುಗಟ್ಟಿದ ರಕ್ತ ತೆಗೆದರು. ಒಂದು ದಿನ ತಡವಾಗಿದ್ದರೆ ಬೀಜವನ್ನೇ ತೆಗೆಯಬೇಕಾಗುತ್ತಿತ್ತಂತೆ.

ಹುಷಾರಾದ ಮೇಲೆ ಎರಡೂ ಕಡೆಯವರನ್ನು ಕೇಳಿದೆ, ನಲ್ಲೂರಿಗೂ ಹೋಗಿ ಬಂದೆ. ಅಂಥ ಅಜ್ಜ ಯಾರಿಗೂ ಗೊತ್ತಿಲ್ಲ. ನಿಮ್ಮ ಮುಖ ಬಿಳುಚಿಕೊಂಡಿದ್ದು ನೋಡಿ ಹೇಳಿರಬೇಕು ಎನ್ನುತ್ತಾರೆ ಡಾಕ್ಟರು. ಮುಖದ ಮೇಲೆ ಎಡ, ಬಲ ಬರೆದಿರುತ್ತದೆಯೇ? ಅವರು ದೇವರೋ, ದೆವ್ವವೋ, ದಾರಿ ತಪ್ಪಿ ಬಂದ ನಾಟಿ ವೈದ್ಯರೋ, ಯಾರಾದರೂ ಆಗಿರಲಿ. ನನ್ನನ್ನು ಉಳಿಸಿದವರನ್ನು ಟೀ ಸಹ ಕುಡಿಸದೆ ಬೈದು ಎಬ್ಬಿಸಿದ್ದೇನೆ. ತಪ್ಪಾಯಿತು ಎನ್ನಬೇಕು. ಯಾರ ಮನೆ ಬಾಗಿಲಿಗೆ ಹೋಗಿ ಹೇಳಲಿ?