ಪಾಲೆ ಮರಕ್ಕೆ ಹೋಗುವ ದಾರಿ

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಗಿನ ಜಾವ. ಗುರುವಾಯನಕೆರೆಯ ಬಳಿ ಹೊಸದಾಗಿ ಎದ್ದಿರುವ ಹೆರಿಗೆ ಆಸ್ಪತ್ರೆಯ ಹಿಂದೆ, ಜಿಟಿಜಿಟಿ ಮಳೆಯಲ್ಲಿ, ಲಾಟೀನು ಹಿಡಿದ ಹೆಂಗಸೊಬ್ಬರು ಕಾಸರಕ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಾರೆ. ಕೈಯಲ್ಲಿ ಕಲ್ಲು ಹಿಡಿದು ಬಂದವರನ್ನೆಲ್ಲ ತಡೆಯುತ್ತಾರೆ. "ಇದಲ್ಲ ಮಾರಾಯ್ರೇ, ಪಾಲೆ ಅಲ್ಲಿ ಉಂಟು. ಎಡಕ್ಕೆ ಹೋಗಿ." ಇವರು ಪ್ರಫುಲ್ಲಾ. ಈ ಆಸ್ಪತ್ರೆಯ ಅಂಗಳ, ಮರ, ದಾರಿ ಎಲ್ಲಕ್ಕೂ ನಕ್ಷೆ ಬರೆದವರು.

ಈ ದಿನ ಸೂರ್ಯ ಹುಟ್ಟುವ ಮೊದಲು ಪಾಲೆಯ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವುದು ತುಳುನಾಡಿನ ಕ್ರಮ. ಕಾಸರಕದ ತೊಗಟೆಯಾದರೆ ಶುದ್ಧ ವಿಷ. ಕತ್ತಲಲ್ಲಿ ಎರಡನ್ನೂ ಗುರುತಿಸುವುದು ಕಷ್ಟ. ಇಲ್ಲಿಯ ಜನ ಹಳೆಯ ಕಾಲುದಾರಿ ಹಿಡಿದು ನಡೆದು, ಅದು ಮುಗಿದಲ್ಲಿ ಸಿಗುವ ಮರಕ್ಕೆ ಕೈಹಾಕುತ್ತಿದ್ದರು. ಅದು ಪಾಲೆಯೇ ಆಗಿರುತ್ತಿತ್ತು. ಹೋದ ಬೇಸಿಗೆಯಲ್ಲಿ ಪ್ರಫುಲ್ಲಾ ಆ ದಾರಿಯನ್ನು ಚಂದಕ್ಕೆಂದು ಸುತ್ತು ಬಳಸಿ ತಿರುಗಿಸಿ ಕೆಂಪು ಮುರಕಲ್ಲು ಹಾಸಿಸಿದರು. ಈಗ ಅದು ನೆಟ್ಟಗೆ ಕಾಸರಕದ ಬುಡಕ್ಕೆ ಹೋಗಿ ನಿಲ್ಲುತ್ತದೆ.

"ಬೇಸಿಗೆಯಲ್ಲಿ ಆಟಿ ಯಾರಿಗೆ ನೆನಪಿರ್ತದೆ?" ಎನ್ನುತ್ತಾರೆ ಅವರು. "ಇವತ್ತು ಎದ್ದು ನೋಡಿದರೆ ಅಮ್ಮ ಕಷಾಯಕ್ಕೆ ಬೆಳ್ಳುಳ್ಳಿ ಸುಲಿಯುತ್ತಾ ಇದ್ದರು. ಆಗ ಈ ದಾರಿ ನೆನಪಾಯಿತು. ಚಪ್ಪಲಿ ಕೂಡ ಹಾಕದೆ ಓಡಿ ಬಂದೆ."

ಪ್ರಫುಲ್ಲಾ ಸಿದ್ಧಕಟ್ಟೆಯ ಬಂಟರ ಮನೆಯವರು; ಈಗ ಅಮ್ಮನೊಂದಿಗೆ ಆಸ್ಪತ್ರೆಯ ಹತ್ತಿರವೇ ಇದ್ದಾರೆ. ೧೯೫೪ರಲ್ಲಿ ಮದರಾಸಿಗೆ ಹೋಗಿ ಉದ್ಯಾನ, ಅಂಗಳಗಳ ವಿನ್ಯಾಸ ಕಲಿತು ಬಂದಾಗ ಊರೇ ನಕ್ಕಿತ್ತು. ಮಲ್ಲಿಗೆ ನೆಡಲಿಕ್ಕೆ ಮದರಾಸು ಯಾಕಂತೆ! ಮೂಡುಬಿದಿರೆಯ ಶಾಲೆಯೊಂದರ ಅಂಗಳ, ಬಂಟ್ವಾಳದ ಹೊಳೆಬದಿಯ ನೆರಳುಕಟ್ಟೆ ಎದ್ದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. "ಹೆಂಗಸು ಹೇಳಿದ ಹಾಗೆ ಕಲ್ಲಿಡಲಿಕ್ಕೆ ಮೊದಮೊದಲು ಯಾರೂ ಬರ್ತಿರಲಿಲ್ಲ. ಇದಿನಬ್ಬ ಒಬ್ಬರೇ ಬಂದರು," ಎಂದು ನೆನೆಯುತ್ತಾರೆ. ಕಲ್ಲುಕೆಲಸದ ಆ ಇದಿನಬ್ಬ ಇಂದೂ ಸುದ್ದಿ ಕೇಳಿ ಬಂದು ಪಕ್ಕದಲ್ಲೇ ನಿಂತಿದ್ದಾರೆ.

ಮೂಡಣ ತುಸು ಬೆಳ್ಳಗಾಗುವಾಗ ಪ್ರಫುಲ್ಲಾ ಕಾಸರಕದ ಹಿಂಬದಿಗೆ ಲಾಟೀನು ಹಿಡಿಯುತ್ತಾರೆ. ಅಯ್ಯೋ ದೇವರೇ! ಅಂಗೈಯಗಲ ತೊಗಟೆ ಎದ್ದಿದೆ. ಪ್ರಫುಲ್ಲಾ ಬರುವ ಮೊದಲೇ ಯಾರೋ ಬಂದು ಹೋಗಿದ್ದಾರೆ. ಅಷ್ಟರಲ್ಲಿ ಗದ್ದೆಯಾಚೆಯ ಶೇಷಪ್ಪ ಕಲ್ಲು ಹಿಡಿದು ಬರುತ್ತಾರೆ.

"ಆಗ ತೆಗೆದದ್ದು ಸಾಲುವುದಿಲ್ಲ ಅಮ್ಮ. ಭಾವ ಬಂದಿದ್ದಾರೆ."

"ಯಾವ ಮರದ್ದು ತೆಗೆದಿರಿ?"

"ಇದೇ ಅಲ್ವಾ, ದಾರಿ ಕೊನೆಯದ್ದು?"

ಮೂವರೂ ಗದ್ದೆಯ ಬದುವಿನ ಮೇಲೆ ಬಿದ್ದೆನೋ ಎದ್ದೆನೋ ಎಂದು ಓಡುತ್ತಾರೆ. ಶೇಷಪ್ಪನವರ ಹೆಂಡತಿ ಅಮ್ಮಣ್ಣಿ ಅಡುಗೆಮನೆಯಲ್ಲಿ, ಕ್ರಮದಂತೆ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಕಷಾಯಕ್ಕೆ ಹಾಕಿ ಲೋಟ ಜೋಡಿಸುತ್ತಿದ್ದಾರೆ. ಪ್ರಫುಲ್ಲಾ ಪಾತ್ರೆಗೇ ಕೈಹಾಕುತ್ತಾರೆ. "ಯಾರಾದರೂ ಕುಡಿದಿರಾ?"

"ಇಲ್ಲಪ್ಪ," ಅಮ್ಮಣ್ಣಿ ಕಣ್ಣು ಬಿಡುತ್ತಾರೆ. "ಭಾವ ಇನ್ನೂ ಏಳಲಿಲ್ಲ. ನೆಂಟರಿಗೆ ಕೊಡದೆ ನಾವು ಕುಡಿಯುವುದುಂಟಾ?"

ಆ ಭಾವನ ನಿದ್ದೆಗೆ ದೊಡ್ಡ ನಮಸ್ಕಾರ! ಕಷಾಯ ಗುಂಡಿ ಸೇರುತ್ತದೆ. ಪ್ರಫುಲ್ಲಾ ಜಗಲಿಯಲ್ಲಿ ಕುಸಿದು ಕೂತು ಅಳುತ್ತಾರೆ, ಅಳುತ್ತಲೇ ನಗುತ್ತಾರೆ. ಅಮ್ಮಣ್ಣಿ ಕೊಟ್ಟ ಮೆಂತೆಗಂಜಿಯನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಜೀವ ಬಂದಂತಾಗಿದೆ.

ಬಿಸಿಲೇರುವ ಮೊದಲೇ ಇದಿನಬ್ಬ ಹಾಸುಗಲ್ಲು ಕೀಳತೊಡಗುತ್ತಾರೆ. "ಹಾಕಿದ್ದೂ ನಾನೇ, ಕೀಳುವುದೂ ನಾನೇ. ಒಳ್ಳೆ ಕೆಲಸ ಕೊಟ್ಟಿರಿ ಅಮ್ಮ," ಎಂದು ಗೊಣಗುತ್ತಾರೆ. ಆಸ್ಪತ್ರೆ ಸಮಿತಿಯ ರಮಾನಾಥರಿಗೆ ಸಿಟ್ಟು. "ಇಷ್ಟು ಚಂದದ ದಾರಿ! ದಾರಿ ಇರಲಿ, ಮರವನ್ನೇ ಕಡಿಯುವ."

"ಮರ ಇದ್ದಲ್ಲೇ ಇತ್ತು. ಜನರನ್ನು ಅದರ ಬುಡಕ್ಕೆ ತಂದು ನಿಲ್ಲಿಸಿದ್ದು ನನ್ನ ನಕ್ಷೆ," ಎನ್ನುತ್ತಾರೆ ಪ್ರಫುಲ್ಲಾ.

ಹಳೆಯ ಜಾಡಿನಲ್ಲಿ ಮೊದಲ ಕಲ್ಲು ಕೂರುವುದನ್ನು ನೋಡುತ್ತ ನಿಂತ ಪ್ರಫುಲ್ಲಾರನ್ನು, ಮುಂದಿನ ಆಸೆ ಏನೆಂದು ಕೇಳಿದರೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಬರುವ ಆಟಿಗೆ ನಾನು ಮನೆಯಲ್ಲಿ ಹೊದ್ದು ಮಲಗಬೇಕು. ಜನ ಕತ್ತಲಲ್ಲಿ ಬಂದು ಪಾಲೆಯ ತೊಗಟೆ ತೆಗೆದು ಹೋಗಬೇಕು. ಇಲ್ಲಿ ದಾರಿ ಮಾಡಿದವಳು ಒಬ್ಬಳು ಇದ್ದಾಳೆ ಅಂತ ಯಾರಿಗೂ ನೆನಪೇ ಆಗಬಾರದು."