ಅರವತ್ತು ಎಡತೋಳು

ಮಾಸ್ಟ್ರನ್ನು ನಾನು ಮೊದಲು ಕಂಡದ್ದು ನನ್ನ ಗಂಡ ತೀರಿಕೊಂಡು ಮೂರು ತಿಂಗಳಾದಾಗ, ಒಂದು ಸೋಮವಾರ ಬೆಳಿಗ್ಗೆ. ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಹೊಲಿಗೆ ಅಂಗಡಿ. ಒಳಗೆ ನಿಂತರೆ ತಲೆಯ ಮೇಲೆ ಯಾರದೋ ಚಪ್ಪಲಿ ಸದ್ದು. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಒಂದು ಸ್ಟೂಲು. ಕಿಟಕಿ ಇಲ್ಲ. ಹಗಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಬಾಗಿಲಲ್ಲಿ ಒಬ್ಬ ಗಿರಾಕಿ ಜಗಳಕ್ಕೆ ನಿಂತಿದ್ದ.

“ಹೋದ ವಾರಾನೂ ಅರ್ಧ ಗಂಟೆ ಅಂದ್ರಿ, ಮಾಸ್ಟ್ರೇ.”

“ಅದೇ ಅರ್ಧ ಗಂಟೆ ಸ್ವಾಮಿ, ಇನ್ನೂ ಮುಗಿದಿಲ್ಲ.”

ಬೀದಿಯವರೆಲ್ಲ ಅವರನ್ನು ಅರ್ಧಗಂಟೆ ಮಾಸ್ಟ್ರು ಎನ್ನುತ್ತಿದ್ದುದು ಇದಕ್ಕೇ. ಆಮೇಲೆ ಕೆಲಸ ಕೇಳಿ ಬಂದಿದ್ದ ನನ್ನ ಕೈಗೆ ಬಟ್ಟೆಯ ತುಂಡು, ಸೂಜಿ ಕೊಟ್ಟು ಒಂದು ಕಾಜಾ ಹೊಲಿಸಿದರು. ಅದರಲ್ಲಿ ಗುಂಡಿ ತೂರಿಸಿ ನೋಡಿದರು.

“ನಾಳೆಯಿಂದ ಬನ್ನಿ ಅಕ್ಕಾ. ಒಂದೇ ಮಾತು. ನನ್ನ ಕೈಲಿ ಕತ್ತರಿ ಓಡ್ತಾ ಇರುವಾಗ ಯಾರೂ ಮಾತಾಡಬಾರದು. ಬೆಂಕಿ ಬಿದ್ರೂ ನಾನು ಕತ್ತರಿ ಕೆಳಗಿಟ್ಟ ಮೇಲೆ ಹೇಳಿ.”

ಹನ್ನೊಂದು ವರ್ಷ ನಾನು ಆ ಮಾತು ಮೀರಲಿಲ್ಲ. ಅವರು ಕತ್ತರಿಸಿ ಹೊಲಿಯುತ್ತಿದ್ದರು, ನಾನು ಕಾಜಾ ತೆಗೆದು ಗುಂಡಿ ಹಾಕಿ ಅಂಚು ಮಡಿಸುತ್ತಿದ್ದೆ.

ಅಷ್ಟರಲ್ಲಿ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ನರ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರಂತೆ ಡಾಕ್ಟರು. ಎದುರು ಸಾಲಿನಲ್ಲಿ ಎರಡು ಕಿಟಕಿಯ ಒಂದು ಕೋಣೆ ಖಾಲಿಯಾಗುವುದಿತ್ತು. “ಹಗಲ ಬೆಳಕು ಸಿಕ್ಕರೆ ಇನ್ನೈದು ವರ್ಷ ಕತ್ತರಿಸ್ತೀನಿ ಅಕ್ಕಾ,” ಎನ್ನುತ್ತಿದ್ದರು. ಆಗಲೇ ಆಸ್ಪತ್ರೆಯಿಂದ ಮೂವತ್ತು ಬಿಳಿ ಕೋಟುಗಳ ಕೆಲಸ ಬಂತು. ಇದು ಒಪ್ಪಿಗೆಯಾದರೆ ವರ್ಷವರ್ಷವೂ ಅವರಿಗೇ. ಆ ನಂಬಿಕೆಯ ಮೇಲೆ ಕೋಣೆಯನ್ನು ಕೇಳಿಯೂ ಇಟ್ಟರು.

ತೋಳು ಕತ್ತರಿಸುವಾಗ ಬಟ್ಟೆಯನ್ನು ಮಡಚಿ ಹಾಸಿದರೆ ಎಡ, ಬಲ ಎರಡೂ ಜೋಡಿಯಾಗಿ ಬರುತ್ತವೆ. ಬಿಡಿ ತುಂಡುಗಳನ್ನು ಒಂದರ ಮೇಲೊಂದು ಹಾಸುವುದಾದರೆ ಒಂದು ಬಿಟ್ಟು ಒಂದನ್ನು ಮಗುಚಬೇಕು, ಇಲ್ಲದಿದ್ದರೆ ಎಲ್ಲವೂ ಒಂದೇ ಕೈಯವಾಗುತ್ತವೆ. ಕೋಟಿನ ಬಟ್ಟೆ ಸೀದಾ ಕಡೆ ನುಣುಪು, ಉಲ್ಟಾ ಕಡೆ ಒರಟು. ಮಾಸ್ಟ್ರು ಬೇಗ ಆಗಲೆಂದು ಬಿಡಿ ತುಂಡುಗಳನ್ನೇ ಹಾಸಿದರು. ಕಣ್ಣಿನ ಮೇಲಿನ ಭರವಸೆ, ಬೆರಳಿನಿಂದ ಮುಟ್ಟಿ ನೋಡಲಿಲ್ಲ. ಕತ್ತರಿ ಅರ್ಧ ದಾರಿ ಹೋದಾಗ ನಾನು ತಲೆ ಎತ್ತಿದೆ. ಅಂಚಿನಲ್ಲಿ ಎಲ್ಲ ಪದರವೂ ನುಣುಪು ಮೇಲಾಗಿ ಮಲಗಿತ್ತು. ನನ್ನ ಸೂಜಿ ನಿಂತಿತು. ಬಾಯಿ ಬರಲಿಲ್ಲ. ಮೊದಲ ಹಾಸು ಮುಗಿದು ಎರಡನೆಯದನ್ನು ಹಾಸುವಾಗಲೂ ಅವರು ಕತ್ತರಿಯನ್ನು ಕೈಬಿಡಲಿಲ್ಲ. ಅದನ್ನು ಕೆಳಗಿಟ್ಟ ಮೇಲೆ ಎದ್ದುಹೋಗಿ, ಆಗತಾನೆ ಕಂಡವಳಂತೆ ಹೇಳಿದೆ.

“ಮಾಸ್ಟ್ರೇ, ಎಲ್ಲಾ ಎಡಗೈದೇ.”

ಅವರು ಒಂದೊಂದನ್ನೂ ಬೆರಳಿನಿಂದ ಸವರಿದರು. ಅರವತ್ತನ್ನೂ. ನಂತರ ಸ್ಟೂಲಿನ ಮೇಲೆ ಕೂತರು.

“ಆಸ್ಪತ್ರೇಲಿ ಯಾರಿಗಾದ್ರೂ ಎರಡೂ ಎಡಗೈ ಇದ್ರೆ ಕೇಳಿಕೊಂಡು ಬನ್ನಿ ಅಕ್ಕಾ.”

ನನಗೆ ನಗು ಬರಲಿಲ್ಲ. ಅವರಿಗೂ ಬರಲಿಲ್ಲ.

ಹೊಸ ಬಟ್ಟೆ ತರುವಂತಿರಲಿಲ್ಲ, ಅದು ಆಸ್ಪತ್ರೆಯವರೇ ಅಳೆದು ಕೊಟ್ಟದ್ದು. ಎರಡು ದಿನ ಮಾಸ್ಟ್ರು ಆ ತೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂರನೆಯ ದಿನ ಹೆಚ್ಚಿಗೆಯಿದ್ದ ಒಂದು ಉದ್ದ ತೋಳಿನ ಮೇಲೆ ಬಲಗೈಯ ಗಿಡ್ಡ ತೋಳಿನ ಅಳತೆಕಾಗದ ಇಟ್ಟರು. ಕಂಕುಳಲ್ಲಿ ಮಾತ್ರ ಎರಡು ಬೆರಳು ಸಾಲದು. ಅಲ್ಲಿಗೊಂದು ಪಟ್ಟಿ ಕೂಡಿಸಿದರೆ ಆಯಿತು. ಹಾಗೆ ಗಿಡ್ಡ ಮಾಡಿದ ಒಂದು ತೋಳು ಹಿಡಿದು ಆಸ್ಪತ್ರೆಯ ದೊಡ್ಡ ನರ್ಸಮ್ಮನ ಹತ್ತಿರ ಇಬ್ಬರೂ ಹೋದೆವು.

“ಉದ್ದ ತೋಳು ಕೇಳಿದ್ವಲ್ಲ, ಮಾಸ್ಟ್ರೇ?”

“ನನ್ನ ತಪ್ಪು ಅಮ್ಮಾ. ಎಲ್ಲಾ ಎಡಗೈಗೆ ಕತ್ತರಿಸಿಬಿಟ್ಟೆ. ಗಿಡ್ಡ ಮಾಡಿದ್ರೆ ಉಳಿಯುತ್ತೆ. ದಿನಕ್ಕೆ ನೂರು ಸಲ ಕೈ ತೊಳೀತೀರಿ, ಮಡಚೋ ಕೆಲಸ ತಪ್ಪುತ್ತೆ.”

ಆಕೆ ಕಂಕುಳ ಪಟ್ಟಿಯನ್ನು ಎಳೆದು ನೋಡಿದರು. “ಈ ಸಲ ತಗೋತೀನಿ. ಮುಂದಿನ ವರ್ಷದ ಮಾತು ಬೇಡ.”

ಕೋಣೆಯನ್ನು ಬೇರೆ ಯಾರೋ ಹಿಡಿದರು. ಕೋಟು ಕೊಟ್ಟುಬಂದ ಮಾರನೆಯ ದಿನ ಮಾಸ್ಟ್ರು ಮೇಜಿನ ಮೇಲೆ ಕತ್ತರಿಯನ್ನು ನನ್ನ ಕಡೆಗೆ ತಳ್ಳಿದರು.

“ನಾನು ಗುಂಡಿ ಹಾಕ್ತೀನಿ, ಇಸ್ತ್ರಿ ಹಾಕ್ತೀನಿ. ಅದಕ್ಕೆ ಬೆರಳು ಸಾಕು.”

“ನನಗೆ ಬರಲ್ಲ ಮಾಸ್ಟ್ರೇ.”

“ಹನ್ನೊಂದು ವರ್ಷ ಅಲ್ಲಿ ಕೂತು ಸುಮ್ನೆ ನೋಡ್ತಿದ್ರಾ?”

ಹಾಳೆಯ ಮೇಲೆ ಅಳತೆ ಬರೆಯುವುದನ್ನು ಕಲಿಯಲು ನನಗೆ ತಿಂಗಳು ಹಿಡಿಯಿತು. ಅಂಕಿ ಬರುತ್ತಿತ್ತು, ಗಿರಾಕಿಯ ಹೆಸರು ಬರೆಯುವುದು ಕಷ್ಟ. ನಾನು ಕತ್ತರಿಸುವಾಗ ಅವರು ತುಟಿ ಬಿಚ್ಚುತ್ತಿರಲಿಲ್ಲ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮುತ್ತಿದ್ದರು. ಗುಂಡಿಗಳನ್ನು ಮುಟ್ಟಿಯೇ ಗುರುತಿಸಿ ಡಬ್ಬಿಗಳಲ್ಲಿ ಬೇರೆ ಬೇರೆ ಇಟ್ಟುಕೊಂಡರು. ಗಿರಾಕಿಗಳಿಗೆ ಮಾತ್ರ ಅದೇ ಅರ್ಧ ಗಂಟೆ. ಹಾಗೆ ಏಳು ವರ್ಷ ನಡೆಯಿತು. ಅವರಿಗೆ ಸುಸ್ತು, ನನಗೂ ಸುಸ್ತು. ಅಂಗಡಿ ಮುಚ್ಚಲಿಲ್ಲ.

ಕೊನೆಗೆ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದರು. ಕಣ್ಣು ಪೂರ್ತಿ ಹೋಗಿತ್ತು. ನಾನು ಹೋದಾಗ ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಿದ್ದರು. ಬೆರಳಿಗೂ ಆಗ ಸ್ಪರ್ಶ ಉಳಿದಿರಲಿಲ್ಲ. ನಾನು ಸ್ಟೂಲು ಎಳೆದ ಸದ್ದಿಗೇ ಗುರುತು ಹಿಡಿದರು.

“ಅಕ್ಕಾ, ಅವತ್ತು ಕತ್ತರಿ ಓಡುವಾಗ ನಿಮ್ಮ ಸೂಜಿ ನಿಂತದ್ದು ನನಗೆ ಕೇಳಿಸಿತ್ತು. ಯಾಕೆ ಅಂತ ನಾನೂ ಕೇಳಲಿಲ್ಲ, ಬಿಡಿ. ಈಗ ಕೈಲಿ ಕತ್ತರಿ ಇಲ್ಲ, ಬಾಯಿಬಿಟ್ಟು ಹೇಳಿ. ಇದನ್ನ ಸೀದಾ ಹೊದಿಸಿದ್ದಾರಾ, ಉಲ್ಟಾನಾ?”